ಅಕ್ಕೋರಿಗೆ ಅಳವಿ ಬೇಕಂತ

ಮೊನ್ನೆ ಬೆಳಿಗ್ಗೆ ಅಡಿಗೆಮನೆಗೆ ಕಾಲಿಟ್ಟ ಕೂಡಲೇ ಒಂದು ವಾಸನೆ ಬಂತು. ಹಸಿ ಮಣ್ಣಿನದೂ ಅಲ್ಲ, ಸಾಸಿವೆಯದೂ ಅಲ್ಲ. ಮೂಗಿಗೆ ತುಸು ಖಾರವಾಗಿ ತಾಗುವಂಥದು. ನೋಡಿದರೆ ಕಟ್ಟೆಯ ಮೇಲೆ ಒಂದು ವಾಟಗದಲ್ಲಿ ಅಳವಿ ನೆನೆಯಿಟ್ಟಿತ್ತು. ಕೆಂಪು ಬೀಜಗಳು ನೀರು ಕುಡಿದು, ಲೋಳೆ ಬಿಟ್ಟುಕೊಂಡು ಉಬ್ಬಿ ಕೂತಿದ್ದವು. ನಮ್ಮ ಮನೆಯಲ್ಲಿ ಬಾಣಂತಿ ಯಾರೂ ಇಲ್ಲ. ಇದೇನಿದು ಎಂದು ಸೊಸೆಯನ್ನು ಕೇಳಿದೆ. "ನನಗೇನ್ ಗೊತ್ರಿ ಅತ್ತಿ, ನಿಮ್ಮ ಮೊಮ್ಮಗಳ ಕಾರಭಾರ. ಸಾಲ್ಯಾಗಿಂದ ಪುಡಿಕಿ ತಂದಾಳ, ಯಾಕಂದ್ರ ಬಾಯಿ ಬಿಡವಲ್ಲಳು" ಅಂದಳು.

ಮೊಮ್ಮಗಳು ಎರಡನೆಯ ಇಯತ್ತೆ. ನನ್ನ ಕಿವಿ ಹಿಡಿದು ಎಳೆದುಕೊಂಡು, "ಅಜ್ಜಿ, ದೀಪಾವಳಿಗೆ ಸಾಲ್ಯಾಗ ಮಣ್ಣಿನ ಕಿಲ್ಲಾ ಮಾಡಾಕತ್ತೀವಿ. ಆದ್ರ ಸೀಕ್ರೆಟ್ ಅದ, ಮಮ್ಮಿಗೆ ಹೇಳಬ್ಯಾಡ" ಎಂದು ಪಿಸುಗುಟ್ಟಿದಳು.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮೊದಲು ನಗು ಬಂತು, ಆಮೇಲೆ ಕಣ್ಣಲ್ಲಿ ನೀರೂ ಬಂತು. "ಹೋಗವ್ವಾ, ಮೊದಲ ಹೋಗಿ ನಿಮ್ಮವ್ವಗ ಹೇಳು. ಬ್ಯಾರೆ ಎಲ್ಲಾದ್ರಾಗ ಗುಟ್ಟು ಮಾಡು, ಅಳವಿ ವಿಷಯದಾಗ ಮಾತ್ರ ಮಾಡಬ್ಯಾಡ" ಅಂದೆ. ಅಜ್ಜಿಗೆ ತಲೆ ಕೆಟ್ಟಿತೋ ಏನೋ ಎಂಬಂತೆ ಹುಡುಗಿ ನನ್ನನ್ನೇ ನೋಡಿತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನನ್ನಪ್ಪನಿಗೆ ಮಿಲಿಟರಿ ಲೆಕ್ಕದ ಕಚೇರಿಯಲ್ಲಿ ಕಾರಕೂನಿಕೆ ಸಿಕ್ಕು, ನಾವು ಧಾರವಾಡದಿಂದ ಪುಣೆಗೆ ಬಂದು ಬಹಳ ದಿನವಾಗಿರಲಿಲ್ಲ. ನಮ್ಮಂತೆಯೇ ಬಂದ ಕನ್ನಡದ ಮನೆಗಳವರು ಸೇರಿ, ಮಕ್ಕಳು ತಾಯ್ನುಡಿ ಮರೆಯಬಾರದೆಂದು ಶನಿವಾರ ಪೇಠೆಯ ಒಂದು ಹಳೆಯ ವಾಡೆಯಲ್ಲಿ ಪುಟ್ಟ ಶಾಲೆ ನಡೆಸುತ್ತಿದ್ದರು. ಶಾಲೆ ಎಂದರೆ ಕೆಳಗಿನ ಒಂದು ಪಡಸಾಲೆ, ಒಂದು ಕರಿಹಲಗೆ, ಕೂಡಲು ಚಾಪೆ. ಕಲಿಸುವವರು ಒಬ್ಬರೇ, ನಮ್ಮ ಅಕ್ಕೋರು. ವಾಡೆಯ ಹಿಂಬದಿಯ ಕೋಣೆಯಲ್ಲಿಯೇ ಅವರ ವಾಸ.

ಅಕ್ಕೋರಿಗೆ ಆಗ ಇಪ್ಪತ್ತೈದು ಕೂಡ ಆಗಿರಲಿಕ್ಕಿಲ್ಲ. ಬಿಳಿ ಸೀರೆ, ಬರಿದಾದ ಹಣೆ, ಬರಿದಾದ ಕೈ. ಮದುವೆಯಾದ ವರ್ಷದೊಳಗೇ ಗಂಡ ತೀರಿಕೊಂಡಿದ್ದರಂತೆ. ಆದರೆ ಸೆರಗು ಜಾರಿದಾಗ ಕಾಣುತ್ತಿತ್ತು, ಕಪ್ಪನೆಯ ದಪ್ಪ ತುರುಬು. ಆ ಕಾಲದಲ್ಲಿ ಅಂಥ ಮಡಿವಂತ ಮನೆತನದ ವಿಧವೆಯ ತಲೆಯ ಮೇಲೆ ಕೂದಲಿರುವುದೆಂದರೆ ಸಣ್ಣ ಮಾತಲ್ಲ. ಪುಣ್ಯಾತ್ಮ ಸೋದರಮಾವ ಒಬ್ಬರು ಹಟ ಹಿಡಿದು ಟ್ರೇನಿಂಗ್ ಕಾಲೇಜಿಗೆ ಹಾಕಿದ್ದರಿಂದ ಆ ಕೂದಲು ಉಳಿದಿತ್ತು. ಮಾವ ಹೋದ ಮೇಲೆ ಉಳಿದವನು ಅಣ್ಣ ಒಬ್ಬನೇ. ಅವನಿಗೆ ತಂಗಿಯ ನೌಕರಿಯೂ ಬೇಡ, ಕೂದಲೂ ಬೇಡ. ನೌಕರಿ ಇರುವ ತನಕ ಅಕ್ಕೋರು ಪುಣೆಯಲ್ಲಿ, ನೌಕರಿ ಹೋದ ದಿನ ಅಣ್ಣನ ಮನೆಯಲ್ಲಿ. ಇದು ನಮ್ಮ ತಾಯಂದಿರಿಗೆಲ್ಲ ಗೊತ್ತಿತ್ತು, ಅವರು ಮಾತಾಡುವಾಗ ಕಿವಿ ಕೊಟ್ಟು ಕೂತ ನಮಗೂ ಗೊತ್ತಿತ್ತು.

ಕಲಿಸುವ ರೀತಿ ಮಾತ್ರ ಅವರದೇ. ಮಗ್ಗಿ ಬಾಯಿಪಾಠ ಮಾಡಿಸುವುದಕ್ಕಿಂತ ನಮ್ಮನ್ನು ಸಾಲು ಹಿಡಿಸಿ ಹೊರಗೆ ಕರೆದೊಯ್ಯುವುದೇ ಅವರಿಗೆ ಹೆಚ್ಚು ಇಷ್ಟ. ಕೂಡಿಸುವ ಲೆಕ್ಕ ಕಲಿತದ್ದು ರೈಲು ನಿಲ್ದಾಣದ ಕಟಾಂಜನದಾಚೆ ನಿಂತು, ಗೂಡ್ಸ್ ಗಾಡಿಯ ಡಬ್ಬಿ ಎಣಿಸಿ. ದಿಕ್ಕು ಕಲಿತದ್ದು ಪರ್ವತಿ ಗುಡ್ಡ ಹತ್ತಿ. ಮೇಲೆ ಹೋಗಿ ಪೇರಲಕಾಯಿಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತ ಕೂತಾಗ, ಅಕ್ಕೋರು ದೂರದ ನೀಲಿ ಬೆಟ್ಟದ ಕಡೆ ಕೈ ಮಾಡಿ, "ಅಗೋ ಅಲ್ಲಿ, ಚಪ್ಪಟ ತಲಿ ಕಾಣತದಲ್ಲ, ಅದ ಸಿಂಹಗಡ" ಅಂದರು. ನಮ್ಮಲ್ಲೊಬ್ಬ ತುಂಟ, "ನಾವೂ ಒಂದು ಗಡ ಕಟ್ಟೂಣೇನ್ರಿ ಅಕ್ಕೋರ?" ಅಂದ. ಎಲ್ಲ ಶುರುವಾದದ್ದು ಅಲ್ಲಿಂದ.

ಪುಣೆಯ ಓಣಿಗಳಲ್ಲಿ ದೀಪಾವಳಿ ಎಂದರೆ ಕಿಲ್ಲಾ. ಅಂಗಳ ಅಂಗಳದಲ್ಲಿ ಮಕ್ಕಳು ಇಟ್ಟಿಗೆ, ಗೋಣಿಚೀಲ, ಮಣ್ಣು ಸೇರಿಸಿ ಕೋಟೆ ಕಟ್ಟುತ್ತಾರೆ. ಬುರುಜು, ಬಾಗಿಲು, ಗುಹೆ ಎಲ್ಲ ಮಾಡಿ ನೆತ್ತಿಯ ಮೇಲೆ ಮಣ್ಣಿನ ಮಹಾರಾಜರನ್ನು ಕೂಡಿಸುತ್ತಾರೆ. ನಮಗೂ ಆ ಹುಚ್ಚು ಹತ್ತಿತು. ಮರುದಿನವೇ ಮುಠಾ ನದಿಯ ದಂಡೆಗೆ ಮೆರವಣಿಗೆ. ಕೈಗೆ ಸಿಕ್ಕ ಬುಟ್ಟಿ, ತಂಬಿಗೆ, ಟೊಪ್ಪಿಗೆಗಳಲ್ಲಿ ಕರಿ ಮಣ್ಣು ಹೊತ್ತು ತಂದೆವು. ವಾಡೆಯ ಹಿತ್ತಲಲ್ಲಿ, ಹೊರಗಿನವರು ಯಾರೂ ಕಾಲಿಡದ ಮೂಲೆಯಲ್ಲಿ ಕೋಟೆ ಎದ್ದಿತು. ಸಿಪಾಯಿಗಳನ್ನು ಮಾಡಲು ಹೋದರೆ ಕೈಗೆ ಬರಲೊಲ್ಲವು. ನಮಗೆ ಬರುತ್ತಿದ್ದದ್ದು ಒಂದೇ, ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಮಣ್ಣೆತ್ತು. ಸರಿ, ನಮ್ಮ ಕೋಟೆಯ ಬಾಗಿಲು ಕಾಯಲು ಎತ್ತುಗಳೇ ನಿಂತವು.

ಈ ವಾಡೆಯ ಒಡತಿ ಒಬ್ಬ ಮರಾಠಿ ಆಜಿ. ಮಹಡಿಯ ಮೇಲೆ ಒಬ್ಬರೇ ಇರುತ್ತಿದ್ದರು. ಬೋಳು ತಲೆ, ಅದರ ಮೇಲೆ ಕೆಂಪು ಸೀರೆಯ ಸೆರಗು, ಕೈಯಲ್ಲಿ ಕೋಲು. ನಮ್ಮ ಗದ್ದಲ ಕೇಳಿದರೆ ಮೇಲಿನಿಂದ ಕೋಲು ಕುಟ್ಟುತ್ತಿದ್ದರು. ಅಕ್ಕೋರನ್ನು ಕಂಡರಂತೂ ಅವರಿಗೆ ಮೈಯೆಲ್ಲ ಉರಿ. ಕೂದಲಿಟ್ಟುಕೊಂಡ ವಿಧವೆಯ ಮುಖ ಮುಂಜಾನೆ ನೋಡಬಾರದೆಂದು, ಅಕ್ಕೋರು ನೀರಿಗೆ ಬರುವ ಹೊತ್ತಿಗೆ ದಡಾರನೆ ಕಿಟಕಿ ಮುಚ್ಚುತ್ತಿದ್ದರು. ಒಂದೇ ಸೂರಿನ ಕೆಳಗೆ ಅಷ್ಟು ದಿನ ಇದ್ದರೂ ಅವರು ಅಕ್ಕೋರ ಸಂಗಡ ಒಂದು ಮಾತು ಆಡಿದ್ದನ್ನು ನಾವು ಕೇಳಿರಲಿಲ್ಲ. ನಮ್ಮ ಕೋಟೆಯನ್ನು ಕಿಟಕಿಯಿಂದ ನೋಡಿ ಆಜಿ, ಕಿಲ್ಲಾದ ಮೇಲೆ ಎತ್ತು ನಿಲ್ಲಿಸುವ ಜನ ಇವರೊಬ್ಬರೇ ಎಂದು ಗೋಡೆಗೆ ಹೇಳಿಕೊಂಡರಂತೆ.

ಕೋಟೆ ಒಣಗುವ ಮುಂಚೆ ಅದರ ಮೇಲೆ ಅಳವಿ ಬಿತ್ತಬೇಕು. ಅದು ಇಲ್ಲಿನ ಪದ್ಧತಿ. ಎರಡು ಮೂರು ದಿನದಲ್ಲಿ ಮೊಳೆತು, ಬೋಳು ಮಣ್ಣು ಹಸಿರು ಕಾಡು ತುಂಬಿದ ಬೆಟ್ಟದಂತೆ ಕಾಣುತ್ತದೆ. ಅಕ್ಕೋರು ಇದನ್ನು ಓಣಿಯ ಹುಡುಗರಿಂದ ಕೇಳಿ ತಿಳಿದುಕೊಂಡಿದ್ದರು. ಶಾಲೆ ಬಿಡುವಾಗ ನಮಗೆ ಹೇಳಿದರು, "ನಾಳೆ ಎಲ್ಲಾರೂ ಮನಿಯಿಂದ ಒಂದೊಂದು ಮುಟಗಿ ಅಳವಿ ತರ್ರಿ. ಕಿಲ್ಲಾದ ಸುದ್ದಿ ಮಾತ್ರ ಹೇಳಬ್ಯಾಡ್ರಿ. ಹಬ್ಬದ ದಿನ ಅವ್ವ-ಅಪ್ಪನ್ನ ಕರದು ಒಮ್ಮೆಲೆ ತೋರಸೂಣು."

ಅಯ್ಯೋ ನಮ್ಮ ದೇವರೇ! ನಾವು ಎಷ್ಟು ನಿಯತ್ತಿನ ಮಕ್ಕಳೆಂದರೆ...

ನಾನು ಮನೆಗೆ ಹೋದವಳೇ ಅಂದೆ, "ಅವ್ವಾ, ಅಕ್ಕೋರಿಗೆ ಅಳವಿ ಬೇಕಂತ."

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ನಮ್ಮ ಕಡೆಯ ಮನೆಗಳಲ್ಲಿ ಅಳವಿ ತರುವುದು ಒಂದೇ ಕಾರಣಕ್ಕೆ. ಹೆರಿಗೆಯಾದ ಹೆಂಗಸಿಗೆ ಸೊಂಟ ಗಟ್ಟಿಯಾಗಲಿ, ಎದೆಹಾಲು ಇಳಿಯಲಿ ಎಂದು ಉಂಡಿ ಕಟ್ಟಿ ತಿನ್ನಿಸಲು. ಬೇರೆ ದಿನ ಅದು ಡಬ್ಬಿಯಲ್ಲಿ ಕೂಡ ಇರುವುದಿಲ್ಲ.

"ಯಾರು ಹಡದಾರ ನಿಮ್ಮ ಸಾಲ್ಯಾಗ?" ಅಂದಳು ಅವ್ವ.

"ಯಾರೂ ಇಲ್ಲ. ಅಕ್ಕೋರಿಗೇ ಬೇಕಂತ."

"ಯಾಕಂತ?"

"ಅದನ್ನ ಮನ್ಯಾಗ ಹೇಳಬಾರದಂತ ಹೇಳ್ಯಾರ."

ಇದೇ ಸವಾಲು ಜವಾಬು ಅದೇ ಸಂಜೆ ಕನ್ನಡದ ಮನೆ ಮನೆಯಲ್ಲೂ ನಡೆಯಿತು. ಎಲ್ಲ ಮಕ್ಕಳೂ ಗುಟ್ಟು ಕಾಪಾಡಿದವು. ಕಿಲ್ಲಾ ಎಂಬ ಶಬ್ದ ಒಂದು ಬಾಯಿಂದಲೂ ಹೊರಬೀಳಲಿಲ್ಲ. ಮರುದಿನ ಒಬ್ಬರೂ ಅಳವಿ ತರಲಿಲ್ಲ. ಅಕ್ಕೋರು ಪಾಪ, ಮರೆತಿರಬೇಕು ಎಂದುಕೊಂಡು ಮತ್ತೊಮ್ಮೆ ಒತ್ತಿ ಹೇಳಿದರು, "ಲಗೂನ ಬೇಕ್ರೆಪ್ಪಾ, ತಡಾ ಮಾಡಿದ್ರ ಕೆಲಸ ಕೆಡತದ." ನಾವು ಅದನ್ನೂ ಹಾಗೆಯೇ ಹೋಗಿ ಮನೆಯಲ್ಲಿ ಒಪ್ಪಿಸಿದೆವು. ಇನ್ನು ಕೇಳಬೇಕೆ? ಉರಿಯುವ ಒಲೆಗೆ ಊದುಗೊಳವೆ ಹಿಡಿದಂತಾಯಿತು.

ನಳದ ಕಟ್ಟೆಯಲ್ಲಿ ಗುಸುಗುಸು ಶುರುವಾಯಿತು. "ಮೊನ್ನೆ ಮೊನ್ನೆ ತಲಿ ತಿರಗತದಂತ ಕೂತಿದ್ದಳಂತ." "ಸೆರಗು ಭಾಳ ಹೊತಗೋತಾಳ ನೋಡ್ರಿ ಈಗ." ಬೆಂಕಿ ಇಲ್ಲದೆ ಹೊಗೆ ಏಳುತ್ತದೆಯೇ ಎಂದು ಗಾದೆ ಬೇರೆ. ಏಳುತ್ತದೆ, ನನ್ನನ್ನು ಕೇಳಿ! ಒಬ್ಬೊಬ್ಬರಾಗಿ ಮಕ್ಕಳನ್ನು ಶಾಲೆ ಬಿಡಿಸಿದರು. ಚಾಪೆಯ ಮೇಲೆ ಜಾಗ ಖಾಲಿಯಾಗುತ್ತ ಬಂತು. ಅಕ್ಕೋರು ಹಬ್ಬದ ಕೆಲಸಕ್ಕೆ ಮನೆಯಲ್ಲಿ ಇಟ್ಟುಕೊಂಡಿರಬೇಕು ಎಂದೇ ತಿಳಿದಿದ್ದರು.

ನಮ್ಮಪ್ಪ, "ಹೋಗಿ ನೆಟ್ಟಗ ಆಕಿನ್ನೇ ಕೇಳಬಾರದೇನು?" ಎಂದು ಅವ್ವನಿಗೆ ಗದರಿದ. ಅವ್ವ ಅತ್ತೇ ಬಿಟ್ಟಳು. "ಅಂಥಾದು ಬಾಯಿಬಿಟ್ಟು ಹೆಂಗ ಕೇಳೂದ್ರಿ? ಖರೇನ ಇದ್ರ ಏನ್ ಮಾಡೂದು, ಸುಳ್ಳಿದ್ರ ಆಕಿ ಮಾರಿ ಹೆಂಗ ನೋಡೂದು? ನೌಕರಿ ಹೋದ್ರ ಆ ಪೋರಿ ಅಣ್ಣನ ಮನೀಗೆ ಹೋಗಬೇಕು. ಅಂವ ಮರದಿನಾನೇ ಕ್ಷೌರದವನ್ನ ಕರಸತಾನ." ನನಗೆ ಅಂದು ಅರ್ಥವಾದದ್ದು ಅಷ್ಟೇ. ಅಕ್ಕೋರ ತುರುಬು ಹೋಗುತ್ತದೆ. ಆಮೇಲೆ ಅವರು ಯಾರನ್ನೂ ಪರ್ವತಿಗೆ ಕರೆದೊಯ್ಯುವುದಿಲ್ಲ.

ಅದೇ ಶನಿವಾರ, ಶಾಲೆಯ ಸೆಕ್ರೆಟರಿಯವರು ಬಂದರು. ಅವರು ಪೇಠೆಗಳಾಚೆ, ಮಿಲಿಟರಿಯವರಿರುವ ಲಷ್ಕರದ ಕಡೆ ಬಂಗಲೆಯಲ್ಲಿ ಇರುವವರು, ಕೋಟು ರುಮಾಲಿನ ದೊಡ್ಡ ಮನುಷ್ಯ. ಗಂಡಸು ಒಬ್ಬನೇ ಕೇಳುವ ಮಾತಲ್ಲವೆಂದು ನಮ್ಮವ್ವನನ್ನೂ ಇನ್ನೊಬ್ಬ ತಾಯಿಯನ್ನೂ ಕರೆಸಿದ್ದರು. ನಾನು ಅವ್ವನ ಸೀರೆ ಬಿಡಲಿಲ್ಲ.

"ನಿಮ್ಮ ತಬ್ಬೇತು ಹೆಂಗದ್ರಿ?" ಎಂದು ಸೆಕ್ರೆಟರಿಯವರು ಗೋಡೆ ನೋಡುತ್ತ ಕೇಳಿದರು.

"ಛಲೋ ಅದರಿ," ಅಂದರು ಅಕ್ಕೋರು ನಗುತ್ತ.

"ಅಲ್ಲ... ಕೆಲವು ದಿವಸ ಊರಿಗೆ ಹೋಗಿ ಆರಾಮ ತಗೊಂಡ್ರ ಛಲೋ ಅಂತ ಎಲ್ಲಾರ ಅಭಿಪ್ರಾಯ ಅದ."

"ಯಾಕ್ರಿ? ನನಗೇನಾಗೇದ?"

ಅವರು ಕೆಮ್ಮಿದರು, ರುಮಾಲು ಸರಿ ಮಾಡಿಕೊಂಡರು. ಕೊನೆಗೆ, "ನಿಮಗ ಅಳವಿ ಯಾಕ ಬೇಕಾಗಿತ್ತು?" ಅಂದರು.

ಅಕ್ಕೋರು ಅವರನ್ನು ನೋಡಿದರು. ಆಮೇಲೆ ನೆಲ ನೋಡುತ್ತ ನಿಂತ ನನ್ನವ್ವನನ್ನು ನೋಡಿದರು. ಆಗ ಅವರಿಗೆ ತಿಳಿಯಿತು. ಕೈಯಲ್ಲಿದ್ದ ಸೀಮೆಸುಣ್ಣ ಮುರಿದು ಕೆಳಗೆ ಬಿತ್ತು. ಸಿಟ್ಟು ಬರಬೇಕಾಗಿತ್ತು ಅವರಿಗೆ, ಬರಲಿಲ್ಲ. ಹೆದರಿಕೆ ಬಂತು. "ಹುಡುಗರ ಕಿಲ್ಲಾಕ್ಕರಿ... ಹಿತ್ತಲಕ್ಕ ಬಂದು ನೋಡ್ರಿ" ಎಂದು ಓಡುತ್ತಲೇ ಹೊರಟರು.

ಹಿತ್ತಲಲ್ಲಿ ಇದ್ದದ್ದೇನು? ಒಂದು ಬೋಳು ಮಣ್ಣಿನ ಗುಡ್ಡೆ, ಮುಂದೆ ಮಣ್ಣೆತ್ತುಗಳು. ನಮ್ಮ ತಾಯಂದಿರು ಓಣಿಯ ಕಿಲ್ಲಾಗಳನ್ನು ದೂರದಿಂದ ಕಂಡಿದ್ದರು, ಆದರೆ ಅದರ ಮೇಲಿನ ಹಸಿರು ಬರೀ ಹುಲ್ಲು ಅಂತಲೇ ತಿಳಿದಿದ್ದರು. ಸೆಕ್ರೆಟರಿಯವರಿಗಂತೂ ಪೇಠೆಯ ಅಂಗಳದ ಗಂಧವೇ ಇಲ್ಲ. "ಮಣ್ಣಗುಡ್ಡಿ ಮ್ಯಾಲೆ ಅಳವಿ ಬಿತ್ತತಾರ? ನಾ ಸಣ್ಣ ಹುಡುಗ ಅಲ್ಲರಿ" ಅಂದರು.

"ನನ್ನ ಊರಿಗೆ ಕಳಸಬ್ಯಾಡ್ರಿ," ಅಂದರು ಅಕ್ಕೋರು. ಎರಡೂ ಕೈಯಿಂದ ಸೆರಗಿನ ಮೇಲೆ ತಲೆಯನ್ನು ಹಿಡಿದುಕೊಂಡಿದ್ದರು. "ನಿಮ್ಮ ಕಾಲ ಬೀಳತೀನಿ, ಊರಿಗೆ ಮಾತ್ರ ಕಳಸಬ್ಯಾಡ್ರಿ."

ಮೇಲೆ ಕೋಲು ಕುಟ್ಟಿದ ಸಪ್ಪಳ. ಗದ್ದಲಕ್ಕೆ ಆಜಿ ಬೈಯಲು ಬಂದರು ಎಂದುಕೊಂಡೆವು. ಮೆಟ್ಟಿಲಿಳಿದು ಬಂದವರೇ ಏನು ನಡೆದಿದೆ ಇಲ್ಲಿ ಎಂದರು. ಸೆಕ್ರೆಟರಿಯವರು ತಡವರಿಸಿದರು. ನನ್ನವ್ವನೇ ಹರಕು ಮುರುಕು ಮರಾಠಿಯಲ್ಲಿ, ಅಳವಿ ಕೇಳಿದ್ದು, ಜನ ಆಡಿಕೊಂಡದ್ದು, ಊರಿಗೆ ಕಳಿಸುವುದು, ಎಲ್ಲ ಹೇಳಿದಳು. ಆಜಿಯ ಮುಖ ಕೆಂಪಾಯಿತು.

"ಅಹೋ, ಕಿಲ್ಲ್ಯಾವರ ಅಳೀವ ನಾಹೀ ಪೇರಾಯಚಂ ತರ ಕಾಯ ಗಹೂ ಪೇರಾಯಚಾ?" ಕಿಲ್ಲಾದ ಮೇಲೆ ಅಳವಿ ಬಿತ್ತದೆ ಮತ್ತೇನು ಗೋದಿ ಬಿತ್ತಬೇಕಾಗಿತ್ತೇ? ಅಬ್ಬಬ್ಬಾ, ಆ ಬೈಗುಳ! ಇಷ್ಟು ವರ್ಷ ಪುಣೆಯ ನೀರು ಕುಡಿದು ನಿಮಗೆ ಇಷ್ಟೂ ತಿಳಿಯಲಿಲ್ಲವೇ, ರುಮಾಲಿನ ಒಳಗೆ ತಲೆ ಇದೆಯೋ ತೆಂಗಿನಕಾಯಿಯೋ ಎಂದರು. ಈ ಹುಡುಗಿ ಕೂದಲು ಇಟ್ಟುಕೊಂಡದ್ದು ನನಗೆ ಸೇರುವುದಿಲ್ಲ, ಇವತ್ತೂ ಸೇರುವುದಿಲ್ಲ. ಆದರೆ ಹಗಲೂ ಇರುಳೂ ನನ್ನ ಕಿಟಕಿಯ ಕೆಳಗೇ ಇರುವವಳು. ಅವಳ ನಡತೆಗೆ ಹೆಸರಿಡುವವರು ಮೊದಲು ನನ್ನನ್ನು ಕೇಳಬೇಕು ಎಂದರು. ನನ್ನವ್ವ ಗಳಗಳ ಅತ್ತಳು. ಬಿಡುಗಡೆಯ ಅಳು ಅದು, ನನಗೆ ಈಗ ಗೊತ್ತಾಗುತ್ತದೆ.

ಬೈದು ಮುಗಿಸಿ ಆಜಿ ಮೇಲೆ ಹೋದರು. ಬರುವಾಗ ಕೈಯಲ್ಲಿ ಹಿತ್ತಾಳೆಯ ಡಬ್ಬಿ. ಅದನ್ನು ನೇರ ಅಕ್ಕೋರ ಕೈಗೆ ಕೊಟ್ಟರು, ಮುಖಕ್ಕೆ ಮುಖ ಕೊಟ್ಟು. "ಪೇರ," ಅಂದರು. ಬೀಜ ಬಿತ್ತು ಎಂದು. ಅಕ್ಕೋರು ಬೀಜ ನೆನೆಸಿ, ಕೋಟೆಯ ಮೈಗೆಲ್ಲ ಹಚ್ಚಿದರು. ಮೊಳಕೆ ಒಡೆದ ದಿನ ಬಂದು ಕಣ್ಣಾರೆ ನೋಡಿ ಹೋಗಬೇಕು ಎಂದು ಸೆಕ್ರೆಟರಿಯವರಿಗೆ ಆಜಿಯ ಅಪ್ಪಣೆಯಾಯಿತು.

ಆ ದಿನಗಳು ಕಳೆದದ್ದು ಹೇಗೆಂದು ನನ್ನನ್ನು ಕೇಳಬೇಡಿ. ಹಳೇ ಬೀಜ, ಮೊಳೆಯದಿದ್ದರೆ ಏನು ಗತಿ ಎಂದು ಅವ್ವ ಹಲುಬಿದಳು. ಇದರ ನಡುವೆ ಗುಬ್ಬಿಗಳ ಕಾಟ. ಬೀಜ ಹೆಕ್ಕಲು ಹಿಂಡು ಹಿಂಡಾಗಿ ಇಳಿಯುತ್ತಿದ್ದವು. ಮಹಡಿ ಇಳಿಯಲು ಮಂಡಿನೋವು ಎನ್ನುತ್ತಿದ್ದ ಆಜಿ, ಹಿತ್ತಲಲ್ಲಿ ಮಣೆ ಹಾಕಿಕೊಂಡು ಕೋಲು ಬೀಸುತ್ತ ಕೂತರು. ಇನ್ನೊಂದು ಮಗ್ಗುಲಲ್ಲಿ ಅಕ್ಕೋರು.  ಗುಬ್ಬಿ ಬಂದರೆ ಮಾತ್ರ ಇಬ್ಬರೂ ಒಟ್ಟಿಗೆ "ಹುಶ್" ಅನ್ನುತ್ತಿದ್ದರು.

ಒಂದು ಮುಂಜಾನೆ ಹೋಗಿ ನೋಡಿದರೆ... ಕರಿ ಮಣ್ಣಿನ ಮೇಲೆಲ್ಲ ಎಳೆ ಹಸಿರು ಪುಟಿದಿತ್ತು! ನಾನು ಕಿರುಚಿಕೊಂಡು ಮನೆಗೆ ಓಡಿದೆ. ಅವ್ವ ಒಲೆ ಹಾಗೇ ಬಿಟ್ಟು ಬಂದಳು. ಓಣಿಯ ಕನ್ನಡದ ತಾಯಂದಿರೆಲ್ಲ ಬಂದರು. ಮೂಗಿನ ಮೇಲೆ ಬೆರಳಿಟ್ಟು ನೋಡಿದರು, ಬಗ್ಗಿ ಮುಟ್ಟಿ ನೋಡಿದರು. "ಇಷ್ಟಕ್ಕ ಇಷ್ಟೆಲ್ಲಾ ಆತೇನ್ರೇ ನಮ್ಮವ್ವಾ!" ಎಂದು ಒಬ್ಬಾಕೆ ಹಣೆ ಹಣೆ ಬಡಿದುಕೊಂಡಳು. ಸೆಕ್ರೆಟರಿಯವರೂ ಬಂದರು. ಬಹಳ ಹೊತ್ತು ಎತ್ತುಗಳನ್ನೇ ನೋಡುತ್ತ ನಿಂತು, "ಕಿಲ್ಲಾ ಭಾಳ ಛಲೋ ಆಗೇದರಿ, ಸಾಲಿ ಹಿಂಗ ನಡೀಲಿ" ಎಂದು ಅಕ್ಕೋರಿಗೆ ಕೈ ಮುಗಿದು ಹೋದರು. ಅಂಥವರಿಂದ ಅದಕ್ಕಿಂತ ಹೆಚ್ಚು ಹೊರಡುವುದಿಲ್ಲ.

ನಮ್ಮ ತಾಯಂದಿರಿಗೆ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಮರುದಿನ ಚಾಪೆ ತುಂಬ ಮಕ್ಕಳು, ಒಬ್ಬೊಬ್ಬರ ಕೈಯಲ್ಲೂ ಅಳವಿ. ಮುಟಗಿ ಕೇಳಿದರೆ ಬಟ್ಟಲು ತುಂಬ ಕಳಿಸಿದ್ದರು. ಊರ ಕಿಲ್ಲಾಗಳಿಗೆಲ್ಲ ಬಿತ್ತಿದರೂ ಮುಗಿಯದಷ್ಟು ಅಳವಿ! ಇದನ್ನೇನು ಮಾಡುವುದು? ನನ್ನವ್ವ ಆಜಿಯ ಒಲೆಯ ಮೇಲೆಯೇ ಬೆಲ್ಲ, ಕೊಬ್ಬರಿ ಹಾಕಿ ಉಂಡಿ ಕಟ್ಟಿದಳು. ಹಬ್ಬದ ದಿನ ಹಿತ್ತಲಲ್ಲಿ ಎಲ್ಲರನ್ನೂ ಕೂಡಿಸಿ ಹಂಚಿದರು. ಅಕ್ಕೋರು ತಮ್ಮ ಪಾಲಿನದನ್ನು ಕೈಯಲ್ಲಿ ಹಿಡಿದುಕೊಂಡು ತಿನ್ನದೆ ಕೂತಿದ್ದರು.

ಅವ್ವ ಅವರ ಎದುರಿಗೆ ಹೋಗಿ ಕೂತಳು. "ತಿನ್ರಿ ಅಕ್ಕೋರ," ಅಂದಳು. "ಬಾಣಂತ್ಯಾರೇ ತಿನ್ನಬೇಕಂತ ಎಲ್ಲಿ ಬರದದ? ಇಷ್ಟು ಮಕ್ಕಳನ್ನ ಜ್ವಾಕಿ ಮಾಡಾಕ ನಿಮ್ಮ ಸೊಂಟಾನೂ ಗಟ್ಟಿ ಇರಬೇಕು."

ಅಕ್ಕೋರು ಕಣ್ಣೀರು ಒರೆಸಿಕೊಳ್ಳುತ್ತ, ನಗುತ್ತ, ತಿಂದರು. ಆಜಿ ಇನ್ನೊಂದು ಉಂಡಿ ತಂದು ಅವರ ಕೈಗೆ ಹಾಕಿ, ಉಳಿದವರ ಗದ್ದಲಕ್ಕೆ ಬೈದರು. ಆ ಮೇಲೆ ಮುಂಜಾನೆ ಕಿಟಕಿ ಮುಚ್ಚುವುದನ್ನು ಬಿಟ್ಟರು. ಬೈಯುವುದನ್ನು ಬಿಡಲಿಲ್ಲ.

ನನ್ನ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಅಕ್ಕೋರನ್ನು ಒಮ್ಮೆ ಕಂಡೆ. ಶಾಲೆ ದೊಡ್ಡದಾಗಿ ಬೇರೆ ಕಟ್ಟಡಕ್ಕೆ ಹೋಗಿತ್ತು, ಅಕ್ಕೋರು ಇನ್ನೂ ಚಿಕ್ಕ ಮಕ್ಕಳಿಗೇ ಕಲಿಸುತ್ತಿದ್ದರು. ಸಾಲು ಹಿಡಿಸಿಕೊಂಡು ಪರ್ವತಿಗೆ ಹೊರಟಿದ್ದರು. ಸೆರಗು ಭುಜದ ಮೇಲೆ ಇಳಿದಿತ್ತು. ತುರುಬು ಪೂರ್ತಿ ಬೆಳ್ಳಗಾಗಿತ್ತು, ಆದರೆ ಅಷ್ಟೇ ದಪ್ಪ. ಅದನ್ನು ನೋಡಿ ನನಗಾದ ಸಮಾಧಾನವನ್ನು ಹೇಳಲಾರೆ. ಅವರು ಹೋದ ಸುದ್ದಿ ಬಂದದ್ದು ತಡವಾಗಿ. ಕೊನೆಗೊಮ್ಮೆ ಮುಖ ನೋಡಲೂ ಆಗಲಿಲ್ಲ... ವಾಡೆ ಇದ್ದ ಜಾಗದಲ್ಲಿ ಈಗ ಎತ್ತರದ ಕಟ್ಟಡ. ಅದಕ್ಕೆ ಹಿತ್ತಲು ಇಲ್ಲ.

ಮೊಮ್ಮಗಳು ಕೊನೆಗೂ ಗುಟ್ಟು ಬಿಟ್ಟುಕೊಟ್ಟಳು. ಅವಳ ಶಾಲೆಗೆ ಬೇಕಾದಷ್ಟು ಅಳವಿ ಕಳಿಸಿ, ಉಳಿದದ್ದಕ್ಕೆ ಬೆಲ್ಲ ಕೊಬ್ಬರಿ ಹಾಕಿ ನಾನು ಉಂಡಿ ಕಟ್ಟಿದೆ. "ಇದು ಬಾಣಂತ್ಯಾರಿಗೆ ಅಲ್ಲೇನ್ರಿ ಅತ್ತಿ?" ಎಂದು ಸೊಸೆ ನಕ್ಕಳು. ಮೊದಲನೆಯ ಉಂಡಿ ಕೈಯಲ್ಲಿ ಹಿಡಿದು ನಿಂತೆ. ಕೊಡಬೇಕಾದವರು ಇಲ್ಲ. ಮೊಮ್ಮಗಳು ಕೈ ಚಾಚಿದಳು. "ತಿನ್ನು," ಅಂದೆ, "ಎಲ್ಲಿ ಬರದದ?"